ಹಳೆಯ ಮನೆಗಳಲ್ಲಿನ ಸೀಸಯುಕ್ತ ಬಣ್ಣ

ಸೀಸಯುಕ್ತ ಬಣ್ಣ ಎಂದರೆ ಸೀಸದ ಸಂಯುಕ್ತಗಳನ್ನು ವರ್ಣದ್ರವ್ಯವಾಗಿ ಅಥವಾ ಬೇಗ ಒಣಗಿಸುವ ದ್ರವ್ಯವಾಗಿ ಬೆರೆಸಿ ತಯಾರಿಸಿದ ಬಣ್ಣ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ತೊಟ್ಟಿಮನೆಗಳಂತಹ ಹಳೆಯ ಮನೆಗಳನ್ನು ಜೀರ್ಣೋದ್ಧಾರ ಮಾಡುವಾಗ ಇದರ ಬಗ್ಗೆ ಎಚ್ಚರ ಅಗತ್ಯ. ಗೋಡೆ, ಮರಗಳ ಮೇಲೆ ಗಟ್ಟಿಯಾಗಿ ಅಂಟಿಕೊಂಡಿರುವ ಬಣ್ಣಕ್ಕಿಂತ, ಕೆರೆದಾಗ ಏಳುವ ಧೂಳು ಹೆಚ್ಚು ಅಪಾಯಕಾರಿ.

ಇರುವ ಸ್ಥಳಗಳು
ಸುಣ್ಣ ಮತ್ತು ಕೆಮ್ಮಣ್ಣಿನ ಸಾರಣೆಯಲ್ಲಿ ಸಾಮಾನ್ಯವಾಗಿ ಸೀಸ ಇರುವುದಿಲ್ಲ. ಕಂಬ, ಬಾಗಿಲುವಾಡ, ಕಿಟಕಿಯ ಸರಳುಗಳಿಗೆ ಬಳಿದ ಎಣ್ಣೆಬಣ್ಣ ಮತ್ತು ಎನಾಮೆಲ್‌ಗಳಲ್ಲಿ, ವಿಶೇಷವಾಗಿ ಹಳದಿ, ಹಸಿರು, ಕೆಂಪು ಛಾಯೆಗಳಲ್ಲಿ ಅದು ಇರುವ ಸಾಧ್ಯತೆ ಹೆಚ್ಚು. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಬಳಿಯುತ್ತಿದ್ದ ಸಿಂಧೂರವೂ ಸೀಸದ ಆಕ್ಸೈಡ್ ಆಗಿದೆ. ನೋಟದಿಂದ ಸೀಸವನ್ನು ಗುರುತಿಸಲಾಗದು. ಪ್ರಯೋಗಾಲಯದ ಪರೀಕ್ಷೆ ಅಗತ್ಯ.

ಆರೋಗ್ಯದ ಮೇಲಿನ ಪರಿಣಾಮ
ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸೀಸಕ್ಕೆ ಸುರಕ್ಷಿತ ಪ್ರಮಾಣವೆಂಬುದಿಲ್ಲ. ನುಂಗಿದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ 4–5 ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಮೆದುಳಿನ ಬೆಳವಣಿಗೆ ಕುಂಠಿತವಾಗುತ್ತದೆ. ಮೂಳೆಗಳಲ್ಲಿ ಸಂಗ್ರಹವಾದ ಸೀಸವು ಗರ್ಭಾವಸ್ಥೆಯಲ್ಲಿ ಮತ್ತೆ ರಕ್ತಕ್ಕೆ ಸೇರಿ ಶಿಶುವನ್ನು ತಲುಪಬಹುದು. ಭಾರತದಲ್ಲಿ ಈ ಕುರಿತು ಅರಿವು ಮೂಡಿಸಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನಶಾಸ್ತ್ರಜ್ಞ ವೆಂಕಟೇಶ್ ತುಪ್ಪಿಲ್ ಪ್ರಮುಖರು.

ಸುರಕ್ಷಿತ ಕ್ರಮಗಳು
ಬಣ್ಣ ಗಟ್ಟಿಯಾಗಿದ್ದರೆ ಕೆರೆಯದೆ, ಅದರ ಮೇಲೆ ಸೀಸರಹಿತ ಬಣ್ಣ ಬಳಿಯುವುದು ಉತ್ತಮ. ಉಜ್ಜಿಕೊಳ್ಳುವ ಬಾಗಿಲಂಚುಗಳಲ್ಲಿ ಮತ್ತು ಸಿಪ್ಪೆಯೇಳುವೆಡೆ ಮಾತ್ರ ತೆಗೆಯಬೇಕಾಗುತ್ತದೆ. ತೆಗೆಯುವಾಗ:
• ಒಣ ಉಪ್ಪುಕಾಗದದಿಂದ ಉಜ್ಜಬಾರದು, ಬೆಂಕಿಯಿಂದ ಸುಡಬಾರದು. ನೀರು ಚಿಮುಕಿಸುತ್ತ ಕೆರೆಯಬೇಕು.
• ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಮಕ್ಕಳು ಮತ್ತು ಗರ್ಭಿಣಿಯರು ದೂರವಿರಬೇಕು.
• ಕೆಲಸಗಾರರಿಗೆ ಸೂಕ್ಷ್ಮ ಧೂಳನ್ನು ತಡೆಯುವ ಮುಖಗವಸು ಬೇಕು. ಬಟ್ಟೆ ಕಟ್ಟಿಕೊಂಡರೆ ಸಾಲದು. ಊಟ, ಎಲೆಅಡಿಕೆ, ಬೀಡಿಗೆ ಮುನ್ನ ಕೈ ತೊಳೆಯಬೇಕು.
• ಒಣಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು; ಕೆಲಸದ ಬಟ್ಟೆಗಳನ್ನು ಪ್ರತ್ಯೇಕವಾಗಿ ಒಗೆಯಬೇಕು.

ತ್ಯಾಜ್ಯ
ಕೆರೆದ ಬಣ್ಣವನ್ನು ತಿಪ್ಪೆಗೆ ಅಥವಾ ಕೊಟ್ಟಿಗೆಯ ಬಳಿ ಹಾಕಬಾರದು. ನೆಕ್ಕಿದ ದನಕರುಗಳು ಸಾಯಬಹುದು. ಬಣ್ಣ ಬಳಿದ ಹಳೆಯ ಮರವನ್ನು ಬಚ್ಚಲೊಲೆಗೆ ಉರುವಲಾಗಿಸಿದರೆ ಸೀಸವು ಹೊಗೆಯಲ್ಲೂ ಬೂದಿಯಲ್ಲೂ ಉಳಿಯುತ್ತದೆ. ಅಂತಹ ಬೂದಿ ಪಾತ್ರೆ ಬೆಳಗಲು ಯೋಗ್ಯವಲ್ಲ.

ಕಾನೂನು
ಗೃಹಬಳಕೆಯ ಬಣ್ಣಗಳಲ್ಲಿ ಸೀಸವನ್ನು ದಶಲಕ್ಷದಲ್ಲಿ 90 ಭಾಗಕ್ಕೆ ಮಿತಿಗೊಳಿಸುವ ಕೇಂದ್ರ ಸರ್ಕಾರದ 2016ರ ನಿಯಮಗಳು 2017ರ ನವೆಂಬರ್‌ನಲ್ಲಿ ಜಾರಿಗೆ ಬಂದವು. ಅದಕ್ಕೂ ಹಿಂದೆ ಬಳಿದ ಎಣ್ಣೆಬಣ್ಣವನ್ನು, ಪರೀಕ್ಷೆಯಾಗುವವರೆಗೆ, ಸೀಸಯುಕ್ತವೆಂದೇ ಭಾವಿಸುವುದು ಕ್ಷೇಮ. ಶ್ರೀರಂಗಪಟ್ಟಣದಲ್ಲಿ 1784ರ ದರಿಯಾ ದೌಲತ್‌ನಂತಹ ಕೇಂದ್ರ ಸಂರಕ್ಷಿತ ಸ್ಮಾರಕಗಳಿಂದ 100 ಮೀಟರ್‌ವರೆಗೆ ನಿಷೇಧಿತ ವಲಯವಿದ್ದು, ಅಲ್ಲಿನ ಮನೆಗಳ ದುರಸ್ತಿಗೆ ಮುಂಚಿತ ಅನುಮತಿ ಪಡೆಯಬೇಕು.