ಲಾವಾ ಆರಿದ ಮೇಲೆ ಮೊದಲು ಬರುವವರು

1977ರಲ್ಲಿ ಗ್ಯಾಲಪಗೋಸ್ ದ್ವೀಪಗಳ ಸಮೀಪ ‘ಆಲ್ವಿನ್’ ಎಂಬ ಪುಟ್ಟ ಮುಳುಗುನೌಕೆಯಲ್ಲಿ ಸುಮಾರು 2,500 ಮೀಟರ್ ಆಳಕ್ಕೆ ಇಳಿದವರು ಹುಡುಕುತ್ತಿದ್ದುದು ಕಡಲ ತಳದ ಬಿಸಿನೀರಿನ ಬುಗ್ಗೆಗಳನ್ನು. ಬುಗ್ಗೆಗಳು ಸಿಕ್ಕವು. ಅವುಗಳ ಸುತ್ತ ಯಾರೂ ಎಣಿಸಿರದಷ್ಟು ಜೀವಿಗಳೂ ಇದ್ದವು. ತಂಡದಲ್ಲಿ ಒಬ್ಬ ಜೀವವಿಜ್ಞಾನಿಯೂ ಇರಲಿಲ್ಲ. ಒಯ್ದಿದ್ದ ಫಾರ್ಮಾಲಿನ್ ಸಾಲದೆ ಕೆಲವು ಮಾದರಿಗಳನ್ನು ವೋಡ್ಕಾದಲ್ಲಿ ಅದ್ದಿಟ್ಟು ತಂದರಂತೆ. ಒಂದು ಹೊಸ ವಿಜ್ಞಾನ ಶಾಖೆಯ ಹುಟ್ಟಿಗೆ ಇದಕ್ಕಿಂತ ತಮಾಷೆಯ ಆರಂಭ ಬೇಕಿಲ್ಲ.

ಅಲ್ಲಿ ಎಲ್ಲರ ಕಣ್ಣು ಸೆಳೆದದ್ದು ಬಿಳಿ ಕೊಳವೆಯೊಳಗಿಂದ ರಕ್ತಗೆಂಪು ಗರಿ ಚಾಚಿದ, ಆಳೆತ್ತರದ ಕೊಳವೆ ಹುಳು ರಿಫ್ಟಿಯಾ. ಬೆಳೆದ ಹುಳುವಿಗೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಅದು ಬದುಕುವುದು ಮೈಯೊಳಗಿನ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಬಳಸಿ ತಯಾರಿಸುವ ಆಹಾರದಿಂದ ಎಂಬುದನ್ನು 1981ರಲ್ಲಿ ಕಾಲೀನ್ ಕ್ಯಾವನೋ ಮತ್ತು ಸಂಗಡಿಗರು ತೋರಿಸಿದರು. ಆಗಿನ್ನೂ ಆಕೆ ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿನಿ. ಮೊದಲ ವರ್ಷಗಳ ಸಂಶೋಧನೆಯೆಲ್ಲ ಬಹುಪಾಲು ಈ ಊಟದ ಸುತ್ತಲೇ ಸುತ್ತಿತು.

ಆದರೆ ಅಷ್ಟೇ ಕಠಿಣವಾದ ಇನ್ನೊಂದು ಪ್ರಶ್ನೆ ಪಕ್ಕದಲ್ಲೇ ಕಾದಿತ್ತು. ಪೂರ್ವ ಪೆಸಿಫಿಕ್ ಬೆಟ್ಟಸಾಲಿನ ಬುಗ್ಗೆಗಳು ಕೆಲವು ವರ್ಷಗಳಲ್ಲೋ ದಶಕಗಳಲ್ಲೋ ಬತ್ತುತ್ತವೆ, ಇಲ್ಲವೇ ಲಾವಾದಡಿ ಹೂತುಹೋಗುತ್ತವೆ. ಬೆಳೆದ ಹುಳು ಇದ್ದಲ್ಲಿಂದ ಕದಲದು. ನಡುವೆ ಹೆಪ್ಪುಗಟ್ಟಿಸುವಂಥ ತಣ್ಣೀರು, ಕತ್ತಲು. ಹಾಗಿದ್ದೂ ಹೊಸ ಬುಗ್ಗೆ ಚಿಮ್ಮಿದಲ್ಲಿ ಹುಳುಗಳು ಹಾಜರಾಗುವುದು ಹೇಗೆ?

ಇದಕ್ಕೆ ಪ್ರಯೋಗವನ್ನು ಪ್ರಕೃತಿಯೇ ಏರ್ಪಡಿಸಿತು. 1991ರ ಏಪ್ರಿಲ್‌ನಲ್ಲಿ ಆಲ್ವಿನ್ ಅದೇ ಬೆಟ್ಟಸಾಲಿನ 9°50' ಉತ್ತರ ಅಕ್ಷಾಂಶದಲ್ಲಿ ಇಳಿದಾಗ ತಳದಲ್ಲಿ ಹೊಚ್ಚಹೊಸ ಲಾವಾ ಹರಡಿತ್ತು. ಸುಟ್ಟು ಹರಿದ ಹುಳುಗಳು ಚೆಲ್ಲಾಡಿದ್ದ ಒಂದು ಜಾಗಕ್ಕೆ ವಿಜ್ಞಾನಿಗಳು ‘ಟ್ಯೂಬ್‌ವರ್ಮ್ ಬಾರ್ಬೆಕ್ಯೂ’ ಎಂದೇ ಹೆಸರಿಟ್ಟರು. ಗಡಿಯಾರ ಸೊನ್ನೆಯಿಂದ ಶುರುವಾಯಿತು. ತಿಮೋತಿ ಶ್ಯಾಂಕ್, ರಿಚರ್ಡ್ ಲಟ್ಸ್ ಮೊದಲಾದವರು ಮತ್ತೆ ಮತ್ತೆ ಅಲ್ಲಿಗೇ ಇಳಿದರು. ಮೊದಲು ಕಂಡದ್ದು ಬಂಡೆಗಳ ಮೇಲೆ ಬ್ಯಾಕ್ಟೀರಿಯಾಗಳ ಬಿಳಿ ಹಾಸು. ವರ್ಷ ತುಂಬುವ ಹೊತ್ತಿಗೆ ತೆವ್ನಿಯಾ ಎಂಬ ಸಣ್ಣ ಕೊಳವೆ ಹುಳು ನೆಲೆಯೂರಿತ್ತು. 1993ರ ಡಿಸೆಂಬರ್‌ಗೆ ರಿಫ್ಟಿಯಾ ಅದನ್ನು ಮುಚ್ಚಿಹಾಕಿ ಪೊದೆಗಟ್ಟಿತ್ತು. ಅವುಗಳ ಬೆಳವಣಿಗೆ ವರ್ಷಕ್ಕೆ 85 ಸೆಂಟಿಮೀಟರ್‌ಗೂ ಹೆಚ್ಚು ಎಂದು 1994ರಲ್ಲಿ ವರದಿಯಾಯಿತು. ಕಡಲಾಳದಲ್ಲಿ ಎಲ್ಲವೂ ನಿಧಾನ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು. ಕಪ್ಪೆಚಿಪ್ಪುಗಳು ಇನ್ನೂ ತಡವಾಗಿ ಬಂದವು.

ಗುಡ್ಡ ಕುಸಿದಲ್ಲಿ ಮೊದಲು ಹುಲ್ಲು, ಆಮೇಲೆ ಪೊದೆ, ಕೊನೆಗೆ ಮರ ಏಳುವ ಹಾಗಿನ ಸರದಿ ಇದು. ಸರದಿಗೆ ಕಾರಣವೇನು ಎಂಬಲ್ಲಿ ಮಾತ್ರ ಒಮ್ಮತವಿರಲಿಲ್ಲ. ಸ್ಫೋಟದ ಬೆನ್ನಿಗೇ ಸಲ್ಫೈಡ್ ವಿಪರೀತ. ಅದು ಇಳಿದಂತೆ ರಿಫ್ಟಿಯಾಕ್ಕೆ ಅನುಕೂಲ ಎಂಬುದು ಒಂದು ವಾದ. ವುಡ್ಸ್ ಹೋಲ್ ಸಂಸ್ಥೆಯ ಲಾರೆನ್ ಮಲಿನೋ ಬಸಾಲ್ಟ್ ಕಲ್ಲಿನ ತುಂಡುಗಳನ್ನು ಬುಗ್ಗೆಗಳ ಬಳಿ ಇರಿಸಿ ನೋಡಿದಾಗ, ತೆವ್ನಿಯಾ ಕೂತಿದ್ದ ಕಲ್ಲುಗಳ ಮೇಲಷ್ಟೇ ರಿಫ್ಟಿಯಾ ಮರಿಗಳು ಕೂತಿದ್ದವು. ಮೊದಲ ಹುಳುವೇ ಎರಡನೆಯದಕ್ಕೆ ದಾರಿ ಮಾಡಿಕೊಡುತ್ತದೆಂಬುದು ಆಕೆಯ ತಂಡದ ನಿಲುವು. ಎರಡೂ ಕಾರಣಗಳು ಒಟ್ಟಿಗೇ ಕೆಲಸ ಮಾಡುತ್ತಿರಬೇಕೆಂದು ನನಗನ್ನಿಸುತ್ತದೆ.

ಪಯಣದ ಗುಟ್ಟು ಪ್ರಯೋಗಾಲಯದಲ್ಲಿ ಬಿಚ್ಚಿಕೊಂಡಿತು. ಆಡಮ್ ಮಾರ್ಷ್ ಮತ್ತು ಸಂಗಡಿಗರು ಕಡಲಾಳದ ಒತ್ತಡ, ತಂಪನ್ನು ಪಾತ್ರೆಯೊಳಗೆ ಮರುಸೃಷ್ಟಿಸಿ ರಿಫ್ಟಿಯಾದ ಲಾರ್ವಾಗಳನ್ನು ಸಾಕಿದರು. ಏನೂ ತಿನ್ನದೆ, ತಾಯಿ ಕೊಟ್ಟ ಬುತ್ತಿಯಲ್ಲೇ ಅವು ಸರಾಸರಿ 38 ದಿನ ಬದುಕಬಲ್ಲವು ಎಂದು 2001ರಲ್ಲಿ ಲೆಕ್ಕ ಹಾಕಿದರು. ಹಿಂದು ಮುಂದಾಗುವ ಪ್ರವಾಹಗಳಲ್ಲಿ ಅದು ಸುಮಾರು 100 ಕಿಲೋಮೀಟರ್‌ಗೆ ಸಾಕು. ಅದೇ ವರ್ಷ ಫ್ಲೊರೆನ್ಸ್ ಪ್ರಾಡಿಯೋನ್ ಮತ್ತು ತಂಡ ಬುಗ್ಗೆಗಳ ಬಳಿಯೇ ಬದುಕುವ ಪಾಂಪೈ ಹುಳುವಿನ ಬೇರೆಯೇ ಉಪಾಯವನ್ನು ವರದಿ ಮಾಡಿತು: ಅದರ ಭ್ರೂಣ ತಣ್ಣೀರಲ್ಲಿ ಬೆಳವಣಿಗೆ ನಿಲ್ಲಿಸಿಕೊಂಡು, ಬೆಚ್ಚಗಿನ ನೀರು ಸಿಕ್ಕಾಗ ಮತ್ತೆ ಬೆಳೆಯುತ್ತದೆ.

ತಲುಪಿದ ಮಾತ್ರಕ್ಕೆ ಬದುಕಿದಂತಲ್ಲ. ರಿಫ್ಟಿಯಾದ ಲಾರ್ವಾ ಬ್ಯಾಕ್ಟೀರಿಯಾಗಳನ್ನು ಹೊತ್ತು ತರುವುದಿಲ್ಲ. ಅವು ಹೊರಗಿನ ನೀರಿನಿಂದ ಮರಿಯ ಚರ್ಮದ ಮೂಲಕವೇ ಒಳನುಗ್ಗುತ್ತವೆ ಎಂದು 2006ರಲ್ಲಿ ಆಂಡ್ರಿಯಾ ನುಸ್‌ಬೌಮರ್, ಚಾರ್ಲ್ಸ್ ಫಿಶರ್, ಮೋನಿಕಾ ಬ್ರೈಟ್ ತೋರಿಸಿದರು. ಹುಳು ಸತ್ತಾಗ ಅದೇ ಬ್ಯಾಕ್ಟೀರಿಯಾಗಳು ಮತ್ತೆ ಹೊರಬಿದ್ದು ಕಡಲು ಸೇರುತ್ತವೆಂಬುದು 2015ರಲ್ಲಿ ಗೊತ್ತಾಯಿತು. ಅಂದರೆ ಹೊಸ ನೆಲೆ ಕಟ್ಟುವವರು ಇಬ್ಬರು, ಬೇರೆ ಬೇರೆ ದಾರಿಯಲ್ಲಿ ಬಂದು ಅಲ್ಲಿ ಜೊತೆಯಾಗುವವರು. ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಸೋಜಿಗವೆನಿಸುವುದು ಇದೇ.

2005-06ರಲ್ಲಿ ಅದೇ ಜಾಗ ಮತ್ತೆ ಸ್ಫೋಟಿಸಿತು. ಈ ಸಲ ಬಂದ ಅತಿಥಿಗಳಲ್ಲಿ ಒಂದು ಬಸವನಹುಳು, ಅದರ ಗೊತ್ತಿದ್ದ ನೆಲೆಯಿಂದ 300 ಕಿಲೋಮೀಟರ್‌ಗೂ ದೂರ ಸಾಗಿ ಬಂದಿತ್ತು. ಮೇಲ್ಮೈಯಲ್ಲಿ ಗಾಳಿ ಎಬ್ಬಿಸುವ ದೈತ್ಯ ಸುಳಿಗಳು ತಳದ ಲಾರ್ವಾಗಳನ್ನೂ ದೂರ ಸಾಗಿಸಬಲ್ಲವು ಎಂಬ 2011ರ ಅಧ್ಯಯನ ಇಂಥ ದೂರಪಯಣಕ್ಕೆ ಒಂದು ವಿವರಣೆ ಕೊಟ್ಟಿತು.

ಅಲ್ಲಿಯವರೆಗೆ ಎಲ್ಲರೂ ಮೇಲಿನ ನೀರನ್ನೇ ನೋಡುತ್ತಿದ್ದರು. 2023ರಲ್ಲಿ ಬ್ರೈಟ್ ಮತ್ತು ಸಂಗಡಿಗರು ದೂರನಿಯಂತ್ರಿತ ವಾಹನದಿಂದ ಲಾವಾ ಹೊರಪದರವನ್ನು ಎಬ್ಬಿಸಿದಾಗ, ಅಡಿಯ ಬೆಚ್ಚನೆಯ ಪೊಳ್ಳುಗಳಲ್ಲಿ ಬೆಳೆದ ರಿಫ್ಟಿಯಾಗಳೇ ಇದ್ದವು. ಲಾರ್ವಾಗಳು ಬಿರುಕುಗಳಲ್ಲಿ ಹೀರಲ್ಪಟ್ಟು ನೆಲದಡಿಯಿಂದಲೂ ಹಬ್ಬುತ್ತಿರಬಹುದೆಂದು ಈ ತಂಡ ವಾದಿಸುತ್ತದೆ.

ಇಷ್ಟೆಲ್ಲ ತಿಳಿವಳಿಕೆ ಬಹುಮಟ್ಟಿಗೆ ಒಂದೇ ಜಾಗದ್ದು ಎಂಬುದು ಈ ಕ್ಷೇತ್ರದ ದೊಡ್ಡ ಕೊರತೆ. ಹಿಂದೂ ಮಹಾಸಾಗರದ ಕೈರೇಯಂಥ ಬುಗ್ಗೆಗಳಲ್ಲಿ ರಿಫ್ಟಿಯಾ ಇಲ್ಲ. ಅಲ್ಲಿ ಸಿಗಡಿಗಳದ್ದೇ ದರ್ಬಾರು. ನಿಧಾನವಾಗಿ ಹಿಗ್ಗುವ ಬೆಟ್ಟಸಾಲುಗಳಲ್ಲಿ ಬುಗ್ಗೆಗಳು ಬಹುಕಾಲ ಉಳಿಯಬಲ್ಲವು, ಆದರೆ ನೆಲೆಗಳ ನಡುವಿನ ಅಂತರ ಹೆಚ್ಚು. ಅಂಥಲ್ಲಿನ ಸಲ್ಫೈಡ್ ಅದಿರನ್ನು ಹುಡುಕಲು ಭಾರತ 2016ರಲ್ಲೇ ಒಪ್ಪಂದ ಮಾಡಿಕೊಂಡಿದೆ. 2024ರ ಡಿಸೆಂಬರ್‌ನಲ್ಲಿ ನಮ್ಮ ವಿಜ್ಞಾನಿಗಳು 4,500 ಮೀಟರ್ ಆಳದ ಬುಗ್ಗೆಯೊಂದರ ಚಿತ್ರವನ್ನೂ ತೆಗೆದರು. ಮೂರೇ ವರ್ಷದೊಳಗೆ ಪೊದೆಗಟ್ಟುವ ಪೆಸಿಫಿಕ್ ಹುಳುಗಳನ್ನು ತೋರಿಸಿ, ಗಣಿ ತೋಡಿದರೂ ಇಲ್ಲಿ ಎಲ್ಲ ಮರಳುತ್ತದೆ ಎನ್ನುವುದು ದುಡುಕಿನ ಮಾತು.

ಪೆಸಿಫಿಕ್‌ನಲ್ಲಿ ಗಡಿಯಾರ ಮತ್ತೆ ಸೊನ್ನೆಗೆ ಬಂದಿದೆ. 2025ರ ಏಪ್ರಿಲ್‌ನಲ್ಲಿ 9°50'ರ ಬಳಿಯ ‘ಟೀಕಾ’ ಬುಗ್ಗೆಯ ಹುಳುಗಳು ಹೊಸ ಲಾವಾದಡಿ ಹೂತುಹೋಗಿದ್ದನ್ನು ಆಲ್ವಿನ್‌ನಲ್ಲಿದ್ದವರು ಕಣ್ಣಾರೆ ಕಂಡರು. ಈ ಸಲ ಮೊದಲ ತೆವ್ನಿಯಾ ಕೂತಾಗ, ಅದು ಮೇಲಿನ ನೀರಿನಿಂದ ಇಳಿಯಿತೋ ಕೆಳಗಿನ ಬಿರುಕಿನಿಂದ ಏರಿತೋ ಎಂದು ಕೇಳುವವರಿದ್ದಾರೆ.