ಎಲಿವೇಟ್ ಸಹಾಯಾನುದಾನ: ಆಯ್ಕೆ ಸಮಿತಿಯ ಮುಂದೆ ಉದ್ಯಮ ಪ್ರಸ್ತಾವನೆಯ ಮಂಡನೆ

ಕರ್ನಾಟಕ ಸರ್ಕಾರವು 2017ರಲ್ಲಿ ಆರಂಭಿಸಿದ ಎಲಿವೇಟ್ ಕಾರ್ಯಕ್ರಮದಡಿ ಆಯ್ಕೆಯಾಗುವ ನವೋದ್ಯಮಗಳಿಗೆ 50 ಲಕ್ಷ ರೂಪಾಯಿಗಳವರೆಗೆ ಸಹಾಯಾನುದಾನ ನೀಡಲಾಗುತ್ತದೆ. ಇದು ಸಾಲವಲ್ಲ, ಇದಕ್ಕಾಗಿ ಸರ್ಕಾರವು ಉದ್ಯಮದಲ್ಲಿ ಷೇರು ಪಡೆಯುವುದಿಲ್ಲ. ಆದ್ದರಿಂದ ಖಾಸಗಿ ಹೂಡಿಕೆದಾರರಿಗಾಗಿ ಸಿದ್ಧಪಡಿಸಿದ ಮಂಡನೆಯನ್ನೇ ಸಮಿತಿಯ ಮುಂದೆ ಯಥಾವತ್ತಾಗಿ ಒಪ್ಪಿಸುವುದು ಸೂಕ್ತವಲ್ಲ. ಹೂಡಿಕೆದಾರರು ಮುಖ್ಯವಾಗಿ ಲಾಭವನ್ನು ನೋಡುತ್ತಾರೆ. ಇಲ್ಲಿ ಆಲೋಚನೆಯ ಹೊಸತನ ಹಾಗೂ ಹಣದ ಬಳಕೆಯ ಬಗ್ಗೆ ಉತ್ತರ ಸಿದ್ಧವಿರಬೇಕು.

ಮಂಡನೆಯನ್ನು ಸಮಸ್ಯೆಯಿಂದಲೇ ಆರಂಭಿಸುವುದು ಒಳಿತು. ಉದಾಹರಣೆಗೆ, ರೇಷ್ಮೆಹುಳು ಸಾಕಣೆ ಮನೆಯ ಉಷ್ಣಾಂಶ ಮತ್ತು ತೇವಾಂಶವನ್ನು ನಿಯಂತ್ರಿಸುವ ಉಪಕರಣದ ಪ್ರಸ್ತಾವನೆಯಾದಲ್ಲಿ, ಬೇಸಿಗೆಯಲ್ಲಿ ಹುಳುಗಳಿಗೆ ರೋಗ ತಗುಲಿ ಬೆಳೆಗಾರರಿಗೆ ಆಗುವ ನಷ್ಟವನ್ನು ಮೊದಲು ವಿವರಿಸಬೇಕು. ಯಂತ್ರದ ವರ್ಣನೆ ಅನಂತರ. ಎಷ್ಟು ಮನೆಗಳಲ್ಲಿ ಪರೀಕ್ಷಿಸಲಾಗಿದೆ, ಎಲ್ಲಿ ವಿಫಲವಾಗಿದೆ ಎಂಬುದನ್ನು ಮುಚ್ಚಿಡಬಾರದು. ವೈಫಲ್ಯವನ್ನು ಮರೆಮಾಡಿದವರು ಪ್ರಶ್ನೋತ್ತರದ ವೇಳೆ ತಡವರಿಸುವ ಸಂಭವವೇ ಹೆಚ್ಚು. ತಮಗೆ ಸ್ಪರ್ಧಿಗಳೇ ಇಲ್ಲವೆಂಬ ಹೇಳಿಕೆಯೂ ಸಲ್ಲದು: ತಂಪಿಗಾಗಿ ಬೆಳೆಗಾರರು ಕಿಟಕಿಗೆ ಕಟ್ಟುವ ಒದ್ದೆ ಗೋಣಿತಾಟೂ ಸ್ಪರ್ಧಿಯೇ, ಅದೂ ಅಗ್ಗದ್ದು.

ಕೋರುವ ಮೊತ್ತವನ್ನು ಮಾದರಿ ತಯಾರಿಕೆ, ಕ್ಷೇತ್ರ ಪರೀಕ್ಷೆ, ಪೇಟೆಂಟ್ ಮುಂತಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಕಾಲಾವಧಿಯನ್ನು ನಮೂದಿಸತಕ್ಕದ್ದು. ಅರ್ಹತೆ ಮತ್ತು ನಿಬಂಧನೆಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ಪರಿಶೀಲಿಸತಕ್ಕದ್ದು.