ಹ್ಯಾಕ್ಸಾ ಬ್ಲೇಡು, ನೋಯುವ ಮಣಿಕಟ್ಟು ಮತ್ತು ಮೋರ್ಸ್ ಕೀ

ಬಾಪನ ಅಂಗಡಿಗೆ ಎಲೆಕ್ಟ್ರಾನಿಕ್ ತೂಕದ ಯಂತ್ರ ಬಂದ ಮೇಲೆ ಹಳೆಯ ತಕ್ಕಡಿ ಅಕ್ಕಿ ಗೋಣಿಗಳ ಹಿಂದೆ ಸೇರಿತು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಹ್ಯಾಮ್ ರೇಡಿಯೋ ಪರೀಕ್ಷೆಗೆ ಓದುತ್ತಿದ್ದ ಕಾಲ. ಜನರಲ್ ಗ್ರೇಡ್ ಲೈಸೆನ್ಸ್ ಬೇಕಿದ್ದರೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್ ಕಳಿಸಲೂ ಬರಬೇಕು, ಕೇಳಿ ಬರೆಯಲೂ ಬರಬೇಕು. ಒಂದು ಒಳ್ಳೆಯ ಕೀಯ ಬೆಲೆ ನೋಡಿದ ಮೇಲೆ ಬಾಪನ ಹತ್ತಿರ ದುಡ್ಡು ಕೇಳುವ ಮನಸ್ಸಾಗಲಿಲ್ಲ. ತಕ್ಕಡಿಯ ದಂಡಿಗೆಯನ್ನೇ ಕತ್ತರಿಸಿ ಕೀ ಮಾಡಿದೆ. ಕೇಳದೆ ಕತ್ತರಿಸಿದ್ದಕ್ಕೆ ಬೈಗುಳ ತಿಂದದ್ದು ಬೇರೆ ವಿಷಯ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಮೋರ್ಸ್ ಕೀ ಒಂದು ಸ್ವಿಚ್ಚು, ಅಷ್ಟೇ. ಒತ್ತಿದರೆ ಕರೆಂಟು ಹರಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಸ್ವಲ್ಪ ಹೊತ್ತು ಒತ್ತಿದರೆ ಚುಕ್ಕೆ, ಅದರ ಮೂರು ಪಟ್ಟು ಒತ್ತಿದರೆ ಗೆರೆ. 8 ಪದಗಳ ವೇಗದಲ್ಲಿ ಒಂದು ಚುಕ್ಕೆಗೆ 150 ಮಿಲಿಸೆಕೆಂಡು, 20 ಪದಕ್ಕೆ ಏರಿದರೆ 60. ದಂಡಿಗೆ ನಡುವಿನ ಅಲಗಿನ ಮೇಲೆ ಹೇಗೆ ತೂಗುತ್ತದೋ ಕೀಯ ಸನ್ನೆಯೂ ಹಾಗೆಯೇ ತೂಗುತ್ತದೆ. ತಕ್ಕಡಿಯಿಂದ ಕೀ ಮಾಡಿದ್ದು ನನ್ನ ದೊಡ್ಡ ಬುದ್ಧಿವಂತಿಕೆಯೇನಲ್ಲ.

ನಮ್ಮ ಅಂಗಡಿಗೆ ಬೀಡಿ ಮತ್ತು ಪೇಪರಿಗೆ ಬರುತ್ತಿದ್ದ ಒಬ್ಬರು ಹಿರಿಯರಿದ್ದರು. ರೈಲ್ವೆಯಲ್ಲಿ ಸಿಗ್ನಲರ್ ಆಗಿ ನಿವೃತ್ತರಾದವರು. ನನ್ನ ಕೀಯನ್ನು ಬಜರಿಗೆ ಜೋಡಿಸಿ ಕೊಟ್ಟೆ. ಎಷ್ಟೋ ವರ್ಷ ಮುಟ್ಟದಿದ್ದರೂ ಕೈ ಓಡಿತು. ಎರಡು ಸಾಲು ಕಳಿಸುವಷ್ಟರಲ್ಲಿ ಹೆಬ್ಬೆರಳು ಸೆಟೆದುಕೊಂಡಿತು, ಮಣಿಕಟ್ಟು ನಡುಗಿತು. ಕೈಯನ್ನು ಲುಂಗಿಯ ಮಡಿಲಲ್ಲಿಟ್ಟುಕೊಂಡು, "ಇದು ಪ್ರಾಯದ್ದಲ್ಲ ಮಾರಾಯ, ನೌಕರಿಯದ್ದು" ಅಂದರು. ಕೀಯ ಚರಿತ್ರೆ ಹುಡುಕಲು ನಾನು ಕೂತದ್ದು ಆ ಮಾತಿನಿಂದ.

ಸಾಮ್ಯುಯೆಲ್ ಮೋರ್ಸ್ ಮೊದಲು ಯೋಚಿಸಿದ ಯಂತ್ರದಲ್ಲಿ ಕೈಯಿಂದ ಒತ್ತುವ ಕೀ ಇರಲೇ ಇಲ್ಲ. ಹಲ್ಲುಹಲ್ಲಾಗಿ ಎರಕ ಹೊಯ್ದ ಲೋಹದ ಅಚ್ಚುಗಳನ್ನು ಒಂದು ಪಟ್ಟಿಯಲ್ಲಿ ಜೋಡಿಸಿ ತಳ್ಳಬೇಕು, ಹಲ್ಲು ಸಿಕ್ಕಿದಾಗ ಸನ್ನೆ ಏರಿಳಿಯಬೇಕು. ಅಚ್ಚಿನ ಮೊಳೆ ಜೋಡಿಸುವಂತಹ ಕೆಲಸ. ಆತನ ಜೊತೆ ಸೇರಿದ ಆಲ್ಫ್ರೆಡ್ ವೇಲ್, ನ್ಯೂಜೆರ್ಸಿಯ ಮಾರಿಸ್‌ಟೌನಿನ ಸ್ಪೀಡ್‌ವೆಲ್ ಕಬ್ಬಿಣದ ಕಾರ್ಖಾನೆಯ ಒಡೆಯನ ಮಗ. ಅಪ್ಪನ ವರ್ಕ್‌ಶಾಪಿನಲ್ಲೇ ಕೈ ಪಳಗಿಸಿಕೊಂಡವನು. 1838ರ ಜನವರಿಯಲ್ಲಿ ಅದೇ ಕಾರ್ಖಾನೆಯೊಳಗೆ ಎರಡು ಮೈಲಿ ತಂತಿ ಸುತ್ತಿ ಪ್ರಯೋಗ ತೋರಿಸಿದರು. 1844ರಲ್ಲಿ ವಾಷಿಂಗ್ಟನ್ ಮತ್ತು ಬಾಲ್ಟಿಮೋರ್ ನಡುವೆ ಸುಮಾರು 40 ಮೈಲಿ ಲೈನು ಶುರುವಾಗುವಾಗ ಅಚ್ಚಿನ ಪಟ್ಟಿ ಹೋಗಿ ವೇಲ್‌ನ ಕೀ ಬಂದಿತ್ತು. ಮರದ ತುಂಡಿಗೆ ಒಂದು ತುದಿಯಲ್ಲಿ ಸ್ಕ್ರೂ ಹಾಕಿದ ಸ್ಪ್ರಿಂಗಿನಂತಹ ಲೋಹದ ಪಟ್ಟಿ, ಇನ್ನೊಂದು ತುದಿಯಲ್ಲಿ ಬೆರಳಿಡಲು ಗುಂಡಿ, ಅದರಡಿ ಒಂದು ಸಂಪರ್ಕ ಬಿಂದು. ಇವತ್ತು ಎಂಟನೇ ಕ್ಲಾಸಿನ ಹುಡುಗ ವಿಜ್ಞಾನ ಮೇಳಕ್ಕೆ ಮಾಡುವುದೂ ಇದನ್ನೇ. ಮನೆಯಲ್ಲಿ ಮಾಡಿದ ಕೀ ಅಂದರೆ ಕಂಪೆನಿ ಕೀಯ ಬಡ ನಕಲು ಎಂದು ಕೆಲವರು ಮೂಗು ಮುರಿಯುತ್ತಾರೆ. ಮೊದಲನೆಯದೇ ಇಂಥದು, ಸ್ವಾಮಿ!

ನಮ್ಮ ದೇಶದ ಟೆಲಿಗ್ರಾಫೂ ಸಿಕ್ಕಿದ ಸಾಮಾನಿನಿಂದಲೇ ಎದ್ದದ್ದು. ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಐರಿಷ್ ಡಾಕ್ಟರ್ ವಿಲಿಯಂ ಓಶಾನೆಸ್ಸಿ 1839ರಲ್ಲೇ ಅಲ್ಲಿ ತಂತಿ ಎಳೆದು ಪ್ರಯೋಗ ಮಾಡಿದ್ದ. ಸಂದೇಶ ಪಡೆಯುವವನು ತಂತಿಗೆ ಬೆರಳಿಟ್ಟು ಕೂರಬೇಕು, ಶಾಕ್ ಹೊಡೆದದ್ದನ್ನು ಎಣಿಸಬೇಕು! 1851ರಲ್ಲಿ ಕಲ್ಕತ್ತಾದಿಂದ ಡೈಮಂಡ್ ಹಾರ್ಬರಿಗೆ ಲೈನು ಬಂತು. ಓಶಾನೆಸ್ಸಿಯ ಕೈಕೆಳಗೆ ಕಲಿತ ಶಿಬ್‌ಚಂದ್ರ ನಂದಿ ಮುಂದೆ ತಾಳೆ ಮರದ ಕಾಂಡಗಳನ್ನು ಕಂಬ ಮಾಡಿದರು, ಮೀನು ಹಿಡಿಯುವ ದೋಣಿಗಳಲ್ಲಿ ಪದ್ಮಾ ನದಿಗೆ ಕೇಬಲ್ ಇಳಿಸಿದರು. ಮೋರ್ಸ್ ಪದ್ಧತಿ ಇಲ್ಲಿಗೆ ಬಂದದ್ದು ಡೈಮಂಡ್ ಹಾರ್ಬರ್ ಲೈನಿನ ನಂತರ. ಓಶಾನೆಸ್ಸಿಯ ಹೆಸರು ಎಲ್ಲ ಪುಸ್ತಕಗಳಲ್ಲಿ ಇದೆ, ನಂದಿಯವರದ್ದನ್ನು ಹುಡುಕಬೇಕು.

ಇನ್ನು ಕೈ ನೋವಿನ ವಿಷಯ. ಗುಂಡಿಯನ್ನು ಮೇಲಿಂದ ಕೆಳಕ್ಕೆ ಒತ್ತುವ ಕೀಯಲ್ಲಿ ದಿನಕ್ಕೆ ಸಾವಿರಾರು ಸಲ ಅದೇ ಸ್ನಾಯು, ಅದೇ ಚಲನೆ. ಅಮೆರಿಕದ ಆಪರೇಟರುಗಳು ಇದನ್ನು ಗಾಜಿನ ತೋಳು ಎಂದು ಕರೆದರು. ಬ್ರಿಟನ್ 1908ರಲ್ಲಿ ಇದನ್ನು ಪರಿಹಾರ ಕೊಡಬೇಕಾದ ವೃತ್ತಿ ರೋಗಗಳ ಪಟ್ಟಿಗೆ ಸೇರಿಸಿತು. ಆದರೆ 1911ರಲ್ಲಿ ಅಲ್ಲಿನ ಅಂಚೆ ಇಲಾಖೆಯ ಸಮಿತಿ ವರದಿ ಕೊಡುವಾಗ ದಣಿವಿನ ಜೊತೆಗೆ ಆಪರೇಟರಿನ ನರಗಳ ದುರ್ಬಲತೆಯನ್ನೂ ಕಾರಣವೆಂದು ಹೇಳಿತು. ಕೆಲಸ ಕೊಟ್ಟವರು ಯಾವಾಗಲೂ ಹೀಗೆಯೇ, ಅರ್ಧ ತಪ್ಪು ಕೈಯದ್ದು.

ಸಮಿತಿ ಕೂರುವ ಮೊದಲೇ ಮೆಕ್ಯಾನಿಕ್‌ಗಳು ದಾರಿ ಹುಡುಕಿದ್ದರು. ನ್ಯೂಯಾರ್ಕಿನ ಬನೆಲ್ ಕಂಪೆನಿ 1888ರಲ್ಲಿ ಅಡ್ಡಕ್ಕೆ ಆಡುವ ಕೀ ತಂದಿತು. ಎಡಕ್ಕೆ ತಳ್ಳಿದರೂ ಸಂಪರ್ಕ, ಬಲಕ್ಕೆ ತಳ್ಳಿದರೂ ಸಂಪರ್ಕ. ಕೈ ಹೋಗಿ ಬರುವಷ್ಟರಲ್ಲಿ ಎರಡು ಚುಕ್ಕೆ. ಇದಕ್ಕೆ ಸೈಡ್‌ಸ್ವೈಪರ್ ಎಂಬ ಹೆಸರು ನಿಂತಿತು. ಹೊರೇಸ್ ಮಾರ್ಟಿನ್ 1904ರಲ್ಲಿ ಪೇಟೆಂಟ್ ಪಡೆದ ವೈಬ್ರೊಪ್ಲೆಕ್ಸ್ ಇನ್ನೊಂದು ಹೆಜ್ಜೆ ಮುಂದೆ. ತೂಕ ಕಟ್ಟಿದ ಉಕ್ಕಿನ ಕಡ್ಡಿ ಲೋಲಕದಂತೆ ಅಲುಗಿ ಚುಕ್ಕೆಗಳನ್ನು ತಾನೇ ಉದುರಿಸುತ್ತದೆ, ಗೆರೆಗಳನ್ನು ಮಾತ್ರ ಕೈಯಿಂದ ಮಾಡಬೇಕು. ಆಪರೇಟರುಗಳು ತಮ್ಮ ಸ್ವಂತ ದುಡ್ಡಿನಿಂದ ಕೊಂಡು ಕೆಲಸಕ್ಕೆ ಒಯ್ಯುತ್ತಿದ್ದರು. ವೈಬ್ರೊಪ್ಲೆಕ್ಸ್ ಮಾಡಲು ಲೇತ್ ಬೇಕು. ಸೈಡ್‌ಸ್ವೈಪರಿಗೆ ಬೇಡ, ಹಾಗಾಗಿ ದುಡ್ಡಿಲ್ಲದ ಹ್ಯಾಮ್‌ಗಳು ಅದನ್ನು ಹಿಡಿದುಕೊಂಡರು. ಸೋವಿಯತ್ ರೇಡಿಯೋ ಆಪರೇಟರುಗಳು ಹ್ಯಾಕ್ಸಾ ಬ್ಲೇಡಿನಿಂದಲೇ ಅದನ್ನು ಮಾಡಿಕೊಳ್ಳುತ್ತಿದ್ದರು. ರಷ್ಯನ್ ಭಾಷೆಯಲ್ಲಿ ಆ ಕೀಯ ಅಡ್ಡಹೆಸರೇ ಗರಗಸ.

ಅದನ್ನು ಓದಿದ ದಿನವೇ ನಾನು ಎರಡು ಬ್ಲೇಡು ತಂದೆ. ಮಾಮೂಲಿ ಕೈ ಗರಗಸದ ಬ್ಲೇಡು 12 ಇಂಚು ಉದ್ದ, ಅರ್ಧ ಇಂಚು ಅಗಲ, 0.63 ಮಿ.ಮೀ. ದಪ್ಪ. ಸನ್ನೆಯೂ ಅದೇ, ಸ್ಪ್ರಿಂಗೂ ಅದೇ, ಬೇರಿಂಗಿನ ತಲೆನೋವಿಲ್ಲ. ಮೊದಲನೆಯದಕ್ಕೆ ತೂತು ಕೊರೆಯಲು ಹೋಗಿ ಡ್ರಿಲ್ ಬಿಟ್ ಹಾಳು ಮಾಡಿದೆ, ಬ್ಲೇಡು ಚಟ್ ಎಂದು ಮುರಿದು ಕನ್ನಡಕಕ್ಕೆ ಬಡಿಯಿತು. ಡಿಪ್ಲೊಮಾದಲ್ಲಿ ಹೀಟ್ ಟ್ರೀಟ್‌ಮೆಂಟಿಗೆ ಒಳ್ಳೆಯ ಮಾರ್ಕು ತೆಗೆದವನು ನಾನು! ಕೊನೆಗೆ ನೆನಪಾಯಿತು: ಬ್ಲೇಡಿನ ಎರಡೂ ತುದಿಯಲ್ಲಿ ಕಂಪೆನಿಯೇ ಕೊರೆದ ತೂತು ಇದೆ. ಎರಡನೆಯದನ್ನು ಆ ತೂತಿನಿಂದಲೇ ಹಲಸಿನ ಮರದ ತುಂಡಿಗೆ ಬಿಗಿದೆ. ಹಲ್ಲುಗಳನ್ನು ಉಜ್ಜಿ ತೆಗೆದೆ, ಇಲ್ಲದಿದ್ದರೆ ಬೆರಳು ಉಳಿಯುವುದಿಲ್ಲ.

ಬ್ಲೇಡು ಎಷ್ಟು ಗಟ್ಟಿ ಇರಬೇಕೆಂಬುದು ಹೊರಗೆ ಬಿಟ್ಟ ಉದ್ದದ ಮೇಲೆ ಹೋಗುತ್ತದೆ. ಉದ್ದ ಅರ್ಧ ಮಾಡಿದರೆ ಬಿಗಿ ಎಂಟು ಪಟ್ಟು. ಹಾಗಾಗಿ ಹಿಡಿತದ ತುಂಡನ್ನು ಅರ್ಧ ಇಂಚು ಹಿಂದೆ ಮುಂದೆ ಸರಿಸಿದರೆ ಸಾಕು, ಕೈಗೆ ತಕ್ಕಂತೆ ಆಗುತ್ತದೆ. ಸಂಪರ್ಕ ಬಿಂದುವಿಗೆ ಮೊದಲು ಹಿತ್ತಾಳೆ ಸ್ಕ್ರೂ ಹಾಕಿದ್ದೆ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಒಂದು ಮಳೆಗಾಲದಲ್ಲಿ ಹಸಿರು ಹಿಡಿಯಿತು, ಚುಕ್ಕೆಗಳು ತಪ್ಪತೊಡಗಿದವು. ಉಮ್ಮ ತನ್ನ ಹಳೆಯ ಅರೆಪಟ್ಟಿಯ ಮುರಿದ ಬೆಳ್ಳಿ ಕೊಂಡಿಯೊಂದನ್ನು ಕೊಟ್ಟರು. ಬೆಳ್ಳಿಯಷ್ಟು ಚೆನ್ನಾಗಿ ವಿದ್ಯುತ್ ಹರಿಸುವ ಲೋಹ ಬೇರೆ ಇಲ್ಲ. ಅದನ್ನು ತುಂಡು ಮಾಡಿ ಬೆಸುಗೆ ಹಾಕಿದೆ. ಎರಡು ಬದಿಯ ಸಂದು ಇಡಲು ಹಳೆ ಪೋಸ್ಟ್ ಕಾರ್ಡನ್ನೇ ಗೇಜ್ ಮಾಡಿಕೊಂಡೆ.

ಈಗಿನವರಿಗೆ ಪ್ಯಾಡಲ್ ಇಷ್ಟ. ಒಂದರ ಬದಲು ಎರಡು ಬ್ಲೇಡು, ಒಂದು ಚುಕ್ಕೆಗೆ, ಒಂದು ಗೆರೆಗೆ. ಅಳತೆಯ ಕೆಲಸ ಸರ್ಕ್ಯೂಟಿನದು. ಎರಡನ್ನೂ ಒಟ್ಟಿಗೆ ಹಿಚುಕಿದರೆ ಗೆರೆ ಚುಕ್ಕೆ ಸರದಿಯಲ್ಲಿ ಬರುತ್ತವೆ, ಸಿ ಅಕ್ಷರ ಒಂದೇ ಹಿಚುಕಿಗೆ ಮುಗಿಯುತ್ತದೆ. 1970ರ ದಶಕದಲ್ಲಿ ಜಾನ್ ಕರ್ಟಿಸ್ ಮಾರಿದ ಚಿಪ್ಪುಗಳಿಂದ ಇದು ಮನೆಮನೆಗೆ ಬಂತು, ಈಗ ಅಗ್ಗದ ಆರ್ಡುಯಿನೊ ಬೋರ್ಡೇ ಸಾಕು. ಕೈಗೆ ಇಷ್ಟು ಸುಖ ಕೊಟ್ಟ ಕೀ ಇನ್ನೊಂದಿಲ್ಲ, ಆದರೆ ಚುಕ್ಕೆ ಗೆರೆಗಳ ಉದ್ದವನ್ನು ಸರ್ಕ್ಯೂಟೇ ಅಳೆಯುವುದರಿಂದ ಕಳಿಸಿದವನ ಕೈ ಯಾರದ್ದೆಂದು ಗುರುತು ಸಿಗುವುದು ಕಷ್ಟ.

ಸೈಡ್‌ಸ್ವೈಪರನ್ನು ಹಿರಿಯರ ಮನೆಗೆ ಒಯ್ದೆ. ಲೈಸೆನ್ಸ್ ಇಲ್ಲದೆ ಟ್ರಾನ್ಸ್‌ಮಿಟರ್ ಮುಟ್ಟುವಂತಿಲ್ಲ, ಬಜರಿಗೆ ಯಾರ ಅಪ್ಪಣೆಯೂ ಬೇಡ. ಮೊದಲ ವಾರ ಬೈದರು. ವರ್ಷಗಟ್ಟಲೆ ಕೆಳಕ್ಕೆ ಒತ್ತಿದ ಕೈಗೆ ಅಡ್ಡಕ್ಕೆ ಹೋಗುವುದು ಒಗ್ಗಲಿಲ್ಲ, ಎನ್ ಕಳಿಸಲು ಹೋದರೆ ಟಿ ಬರುತ್ತಿತ್ತು. ಬ್ಲೇಡನ್ನು ಇನ್ನೂ ಒಂದಿಂಚು ಉದ್ದ ಬಿಟ್ಟು ಮೆತ್ತಗೆ ಮಾಡಿಕೊಟ್ಟೆ. ಅದೇ ತಿಂಗಳು ಒಂದು ಸಂಜೆ ಅವರು ನಮ್ಮ ಸಾಲಿನ ರೈಲು ನಿಲ್ದಾಣಗಳ ಹೆಸರನ್ನು ಕಾಸರಗೋಡಿನಿಂದ ಒಂದೊಂದಾಗಿ ಕಳಿಸಿದರು: ಕುಂಬಳೆ, ಉಪ್ಪಳ, ಮಂಜೇಶ್ವರ, ಉಳ್ಳಾಲ. ನಾನು ಪೆನ್ಸಿಲಿನಲ್ಲಿ ಬರೆದುಕೊಂಡೆ, ಎರಡು ಅಕ್ಷರ ತಪ್ಪಿದೆ. ತಪ್ಪಿದ್ದು ನನ್ನ ಕಿವಿ, ಅವರ ಕೈಯಲ್ಲ.